ಜಾವಳದ ಕುರಿಗಳು ಸತ್ತಿರಲಿಲ್ಲ

ನನ್ನ ಮಗ ಮಲ್ಲಣ್ಣನ ಕುರಿಗಳು ಸತ್ತಿರಲಿಲ್ಲ. ನಾನೇ ಮಾರಿದ್ದೆ. ಮಾರಿ, ಸತ್ತವು ಎಂದು ಸುಳ್ಳು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುತ್ತಿದ್ದೆನೋ ಇಲ್ಲವೋ — ಅವನ ತಪ್ಪಿನಿಂದಲೇ ಸತ್ತವು ಎಂದು ನಂಬಿಸಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಅವನು ಆ ನಂಬಿಕೆಯನ್ನು ಹೊತ್ತುಕೊಂಡು ಬದುಕಿದ.

ನಮ್ಮದು ಕೊಹಿನೂರ ಎಂಬ ಹಳ್ಳಿಯ ಕಡೆ, ಊರಾಚೆ ಹೊಲದಲ್ಲೇ ಮನೆ. ಹಿಂದಿನಿಂದ ಕುರಿ ಕಾಯ್ದ ಮನೆತನ. ನಾನೊಬ್ಬ ಹತ್ತನೇ ತರಗತಿ ಪಾಸಾಗಿ ಬಸವಕಲ್ಯಾಣದ ಒಂದು ಕಚೇರಿಯಲ್ಲಿ ಜವಾನನಾದೆ. ಕುರಿಗಳನ್ನು ನೋಡಿಕೊಂಡವರು ಹೆಂಡತಿ ನಾಗಮ್ಮ ಮತ್ತು ಮಲ್ಲಣ್ಣ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗಂಡು ಕೂಸಿನ ಜಾವಳ ತೆಗೆಯುವ ದಿನ, ಅಂದರೆ ಹುಟ್ಟುಗೂದಲು ತೆಗೆಯುವ ದಿನ, ಸೋದರಮಾವ ಒಂದು ಹೆಣ್ಣು ಮರಿ ತಂದು ಕೊಡುತ್ತಾನೆ. ಆ ಮರಿ, ಅದರ ಮರಿಗಳು, ಅವುಗಳ ಮರಿಗಳು — ಎಲ್ಲವೂ ಆ ಕೂಸಿನವು. ಒಂದನ್ನು ಮಾರಬೇಕಾದರೂ ಅಪ್ಪ ಮಗನನ್ನು ಕೇಳಬೇಕು. ಮಗ ಅಂಬೆಗಾಲಿಡುತ್ತಿದ್ದರೂ ಅವನ ಮುಂದೆ ಕೂತು ಕೇಳುವ ಶಾಸ್ತ್ರ ಮಾಡುತ್ತೇವೆ. ಮಲ್ಲಣ್ಣ ಪಿಯುಸಿಗೆ ಬರುವ ಹೊತ್ತಿಗೆ ನಮ್ಮ ಕುರಿಹಟ್ಟಿಯಲ್ಲಿದ್ದ ಕುರಿಗಳೆಲ್ಲ ಅವನ ಜಾವಳದ ಮರಿಯ ಸಂತಾನವೇ ಆಗಿದ್ದವು.

ಪರೀಕ್ಷೆ ಹತ್ತಿರವಿದ್ದಾಗ ಒಂದು ಸಂಜೆ ಊಟಕ್ಕೆ ಕೂತಿದ್ದೆವು.

“ಅಪ್ಪಾ, ಪರೀಕ್ಷಾ ಬರೀತೀನಿ, ಪಾಸೂ ಆಗ್ತೀನಿ. ಆದ್ರ ಡಿಗ್ರಿಗಿ ಹೋಗಂಗಿಲ್ಲ. ಕುರಿ ಮಾಡ್ತೀನಿ” ಎಂದ.

“ಕುರಿ ಕಾಯಾಕ ಪಿಯುಸಿ ಯಾಕ ಓದಿದಿ?”

“ಚಾ ಕೊಡಾಕ ನೀ ಹತ್ತನೇ ಓದಿಲ್ಲೇನು?”

ನಾಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನೂ ನಕ್ಕ. ನನಗೆ ನಗು ಬರಲಿಲ್ಲ. ಮಗನ ಭವಿಷ್ಯಕ್ಕಾಗಿ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಕಚೇರಿಯಲ್ಲಿ ಡಿಗ್ರಿ ಓದಿದವರು ಕುರ್ಚಿಯಲ್ಲಿ ಕೂರುತ್ತಿದ್ದರು, ನಾನು ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ನನ್ನ ಮಗ ಆ ಕುರ್ಚಿಯಲ್ಲಿ ಕೂರಬೇಕಿತ್ತು — ಅವನಿಗಾಗಿಯೋ, ನನಗಾಗಿಯೋ...

ಪರೀಕ್ಷೆಗೆಂದು ಅವನು ಬಸವಕಲ್ಯಾಣದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದ. ಜೊತೆಗೆ ನಾಗಮ್ಮನೂ ಹೋದಳು. ನಾನು ರಜೆ ಹಾಕಿ ಹಟ್ಟಿ ನೋಡಿಕೊಳ್ಳಲು ನಿಂತೆ. ಹೋಗುವ ಮುಂಚೆ ಮಲ್ಲಣ್ಣ ಹಳ್ಳದ ದಂಡೆಯ, ಜೋಳ ಕೊಯ್ದ ಹೊಲವನ್ನು ತೋರಿಸಿದ. “ಇಲ್ಲೇ ಮೇಸು ಅಪ್ಪಾ, ಎಲ್ಲಾ ಒಣಗ್ಯಾದ, ಫಿಕರ್ ಮಾಡಬ್ಯಾಡ” ಎಂದ.

ಅವನು ಹೋದ ಮೇಲೆ ಅಕಾಲದ ಮಳೆಯೊಂದು ಬಂತು. ಕೊಯ್ದ ಜೋಳದ ಬುಡಗಳಲ್ಲಿ ಎಳೆ ಚಿಗುರು ಒಡೆಯಿತು. ಆ ಚಿಗುರು ವಿಷ. ಮೇದ ಕುರಿ ಹೊಟ್ಟೆ ಉಬ್ಬಿ ಬೀಳುತ್ತದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ನನಗೂ ಗೊತ್ತಿತ್ತು. ಕುರಿಗಳನ್ನು ಅಲ್ಲಿಗೆ ಬಿಡಲಿಲ್ಲ. ಆದರೆ ಆ ಹಸಿರನ್ನು ನೋಡುತ್ತ ನಿಂತಾಗಲೇ ಹೇಳಬೇಕಾದ ಸುಳ್ಳು ಪೂರ್ತಿ ತಯಾರಾಗಿ ನನ್ನ ತಲೆಯಲ್ಲಿ ಬಂದು ಕೂತಿತು.

ಹುಮನಾಬಾದಿನ ಒಬ್ಬ ವ್ಯಾಪಾರಿಯನ್ನು ಕರೆಸಿದೆ. ಅವನು ಟೆಂಪೊ ತಂದು ಕುರಿಗಳನ್ನು ತುಂಬಿಕೊಂಡು ಹೋದ. ರಸ್ತೆಗೆಂದು ಮೊರಂ ಮಣ್ಣು ತೆಗೆದ ಹಳೆಯ ತಗ್ಗೊಂದು ಹೊಲದ ಅಂಚಿನಲ್ಲಿತ್ತು. ಅದಕ್ಕೆ ಮಣ್ಣು ಎಳೆದು, ಮೇಲೆ ಜಾಲಿಮುಳ್ಳು ಹಾಕಿದೆ. ವಿಷ ತಿಂದು ಸತ್ತ ಕುರಿಯನ್ನು ಯಾರೂ ತಿನ್ನುವುದಿಲ್ಲ, ಹೂಳುತ್ತಾರೆ. ಆದ್ದರಿಂದ ಯಾರೂ ಅನುಮಾನಿಸಲಿಲ್ಲ.

ಮಲ್ಲಣ್ಣ ಪರೀಕ್ಷೆ ಮುಗಿಸಿ ಬಂದು ಖಾಲಿ ಹಟ್ಟಿಯ ಮುಂದೆ ನಿಂತ. ಆಗ ನಾನು ಆಡಿದ ಮಾತು ಇದು:

“ನೀ ತೋರಿಸಿದ ಹೊಲದಾಗೇ ಬಿಟ್ಟಿದ್ದೆ ಮಗಾ. ಮಳಿ ಆದ ಮ್ಯಾಲ ಬಿಡಬಾರದಂತ ನೀ ಹೇಳಲಿಲ್ಲ. ಆಫೀಸಿನಾಗ ಇರಾಂವಗ ನನಗೇನ್ ಗೊತ್ತು?”

ನಾನು ಕುರಿಯ ಹಿಂದೆ ಹೋದದ್ದನ್ನು ಎಂದೂ ಕಾಣದ ಅವನು ನಂಬಿದ, ನನ್ನನ್ನು ಬೈಯಲಿಲ್ಲ. “ಹೌದು, ನಾ ಹೇಳಿ ಹೋಗಬೇಕಿತ್ತು” ಎಂದ. ಒಳಗಿನಿಂದ ದೇವರ ಭಂಡಾರದ ಅರಿಶಿನ ತಂದು ಆ ತಗ್ಗಿನ ಮೇಲೆ ಚೆಲ್ಲಿ, ಕಾಯಿ ಒಡೆದು, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದ. ಬರೀ ಮಣ್ಣಿಗೆ. ನಾನು ಪಕ್ಕದಲ್ಲಿ ಕೈ ಕಟ್ಟಿ ನಿಂತಿದ್ದೆ.

ಆಮೇಲೆ ಅವನು ಕುರಿಯ ಹೆಸರೆತ್ತಲಿಲ್ಲ. ಕಾಲೇಜಿಗೆ ಹೋಗು ಎಂದೆ, ಹೋದ. ಬಿಎ ಮಾಡಿದ, ಬಿಎಡ್ ಮಾಡಿದ, ನೌಕರಿಯ ಪರೀಕ್ಷೆಗಳನ್ನು ಬರೆದ. ಬರೆಯುತ್ತ ಬರೆಯುತ್ತ ವಯಸ್ಸು ಮೀರಿತು. ಈಗ ಹುಮನಾಬಾದಿನಲ್ಲಿದ್ದಾನೆ. ಬೆಳಗ್ಗೆ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಾನೆ, ಸಂಜೆ ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾನೆ.

ಕಾಲೇಜು ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವನ ವಿದ್ಯಾರ್ಥಿಗಳು ಓಡಿ ಬಂದು ಮಾತಾಡಿಸುವುದನ್ನು ಕಂಡಿದ್ದೇನೆ. ಕುರಿ ಬಿಡದೆ ಉಳಿದ ಅವನ ಗೆಳೆಯನೊಬ್ಬನೂ ಮೇಯಿಸಲು ಜಾಗವಿಲ್ಲದೆ ಪುಣೆಗೆ ಗಾರೆ ಕೆಲಸಕ್ಕೆ ಹೋದ. ಯಾವ ದಾರಿ ಮೇಲು ಎಂಬುದು ನನಗೆ ಇಂದಿಗೂ ತಿಳಿಯದು. ತಿಳಿಯದವನು ಅವನ ಪರವಾಗಿ ತೀರ್ಮಾನಿಸಿದೆ — ಅದೂ ಅವನಿಗೆ ಗೊತ್ತಾಗದಂತೆ, ಅವನದೇ ತೀರ್ಮಾನವೆಂದು ಅವನಿಗೆ ಅನಿಸುವಂತೆ.

ಅವನ ಮಗಳು ಭಾಗ್ಯ ಈ ವರ್ಷ ಪಿಯುಸಿ ಮುಗಿಸಿದಳು. ಹೋದ ತಿಂಗಳು ಇಬ್ಬರೂ ಹೊಲಕ್ಕೆ ಬಂದಿದ್ದರು.

“ಅಪ್ಪಾ, ಡಿಗ್ರಿ ಬ್ಯಾಡ. ಮುತ್ಯಾನ ಹೊಲದಾಗ ಆಡು ಸಾಕ್ತೀನಿ” ಎಂದಳು.

“ಓದಿದ್ರ ಒಂದ್ ದಾರಿ ಆಗ್ತದವ್ವ.”

“ನೀವ್ ಓದಿ ಸೀರಿ ಮಡಚಾಕತ್ತೀರಲ್ಲ, ಆ ದಾರಿ ಏನು?”

ಮಲ್ಲಣ್ಣ ಜೋರಾಗಿ ನಕ್ಕುಬಿಟ್ಟ. ಅಂದು ಮಗನ ಮಾತಿಗೆ ನಾನೂ ಹಾಗೆ ನಗಬಹುದಿತ್ತು ಎಂದು ನನಗೆ ಆಗ... ಇರಲಿ. ನಕ್ಕ ಮೇಲೆ ಅವನು ಮೆಲ್ಲಗೆ ಹೇಳಿದ: “ನಮ್ಮ ಕೈಯಾಗ ಜೀವ ಉಳಿಯಂಗಿಲ್ಲವ್ವ. ನಾ ಒಂದ್ ಮಾತು ಹೇಳದ ಹೋಗಿದ್ದಕ್ಕ ಇಡೀ ಹಟ್ಟಿ ಸತ್ತದ. ಆ ಧಂಧೆ ನಮಗ ಬ್ಯಾಡ.”

ನಾನು ಅಲ್ಲೇ ಕೂತಿದ್ದೆ. ಕುರಿಗಳನ್ನು ಆ ಹೊಲಕ್ಕೆ ಬಿಟ್ಟವನು ತನ್ನ ಅಪ್ಪ ಎಂದು ಅವನು ಮಗಳಿಗೂ ಹೇಳಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನನ್ನು ಕಾಯುತ್ತ ಬಂದಿದ್ದ. ನನ್ನ ಸುಳ್ಳು ಈಗ ಭಾಗ್ಯಳ ದಾರಿಗೂ ಅಡ್ಡ ಬಂದು ನಿಂತಿತ್ತು.

“ಮಲ್ಲೂ, ಕುರಿ ಸತ್ತಿರಲಿಲ್ಲ. ನಾ ಮಾರಿದ್ದೆ. ಆ ತಗ್ಗಿನಾಗ ಏನೂ ಇಲ್ಲ” ಎಂದೆ.

ಅವನು ಮೊದಲು ಭಾಗ್ಯಳ ಮುಖ ನೋಡಿದ, ನಾವಿಬ್ಬರೂ ಸೇರಿ ಚೇಷ್ಟೆ ಮಾಡುತ್ತಿದ್ದೇವೆ ಎಂಬಂತೆ. ನಾನು ಎಲ್ಲವನ್ನೂ ಹೇಳಿದೆ — ಟೆಂಪೊ, ಮಣ್ಣು, ಮುಳ್ಳು, ಮಳೆಯಾದ ಮೇಲಿನ ಚಿಗುರು ವಿಷವೆಂದು ನನಗೆ ಮೊದಲೇ ಗೊತ್ತಿದ್ದದ್ದು. ಅವನು ಒಂದೇ ಮಾತು ಕೇಳಿದ.

“ಅವ್ವಗ ಗೊತ್ತಿತ್ತೇನು?”

ನಾಗಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಮಲ್ಲಣ್ಣನಿಗೆ ತಾಯಿಯೆಂದರೆ ಜೀವ. ಅವನು ಡಿಗ್ರಿಯ ಮೊದಲ ವರ್ಷದಲ್ಲಿದ್ದಾಗ ನಾಗಮ್ಮನಿಗೆ ಹುಮನಾಬಾದಿನ ಸಂತೆಯಲ್ಲಿ ಆ ವ್ಯಾಪಾರಿ ಸಿಕ್ಕಿದ್ದ, ನಮ್ಮಿಂದ ಕೊಂಡ ಕುರಿಗಳನ್ನು ಹೊಗಳಿದ್ದ. ಮನೆಗೆ ಬಂದು ಮಗನಿಗೆ ಹೇಳುತ್ತೇನೆಂದು ಹಟ ಹಿಡಿದಳು. “ಈಗ ಹೇಳಿದ್ರ ಕಾಲೇಜು ಬಿಡ್ತಾನ, ಆ ಪಾಪ ನಿನಗ” ಎಂದು ನಾನೇ ಬಾಯಿ ಮುಚ್ಚಿಸಿದೆ. ಸಾಯುವ ತನಕ ಅವಳು ಬಾಯಿ ತೆರೆಯಲಿಲ್ಲ. ನನ್ನ ಜೊತೆಯೂ ಮೊದಲಿನಂತೆ ಮಾತಾಡಲಿಲ್ಲ.

ಇಲ್ಲ ಎನ್ನಬಹುದಿತ್ತು. ತಾಯಿಯನ್ನಾದರೂ ಅವನಿಗೆ ಉಳಿಸಿಕೊಡಬಹುದಿತ್ತು. ಆದರೆ ಅವನಿಗೆ ಒಳ್ಳೆಯದು ಯಾವುದು ಎಂದು ಮತ್ತೆ ನಾನೇ ಆರಿಸಿದಂತೆ ಅದು...

“ಗೊತ್ತಿತ್ತು. ನಾನೇ ಸುಮ್ಮನಿರಿಸಿದ್ದೆ” ಎಂದೆ.

“ವರ್ಷಾ ವರ್ಷಾ ನನ್ನ ಜೋಡಿ ಆ ತಗ್ಗಿಗಿ ಬಂದು ಕಾಯಿ ಒಡೀತಿದ್ಳು” ಎಂದ. ಅಷ್ಟೇ.

ಎದ್ದು ಚಪ್ಪಲಿ ಹಾಕಿಕೊಂಡ. “ನಡಿ ಭಾಗ್ಯಾ, ಬಸ್ಸಿಗಿ ಹೊತ್ತಾತು. ನಿನಗ ಏನ್ ಬೇಕೋ ಅದನ್ನ ಮಾಡವ್ವ. ನಮ್ಮ ಯಾರ ಮಾತೂ ಕೇಳಬ್ಯಾಡ” ಎಂದು ನನ್ನತ್ತ ತಿರುಗದೆ ನಡೆದ.

ಅವನು ಮತ್ತೆ ಬಂದಿಲ್ಲ. ನಾನೂ ಫೋನ್ ಮಾಡಿಲ್ಲ. ಕ್ಷಮಿಸು ಎಂದು ಕೇಳಲು ಎಷ್ಟೋ ಸಲ ಮನಸ್ಸಾಗಿದೆ. ಕೇಳಿದರೆ ಅವನು ಕ್ಷಮಿಸಿಬಿಡುತ್ತಾನೆ — ಅವನ ಗುಣ ನನಗೆ ಗೊತ್ತು. ಅದಕ್ಕೇ ಕೇಳುವುದಿಲ್ಲ. ಈ ಸಿಟ್ಟಾದರೂ ಅವನದೇ ಆಗಿರಲಿ. ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾವಾಗ ಬಿಡಬೇಕು ಎಂಬುದನ್ನು ಅವನೇ ತೀರ್ಮಾನಿಸಲಿ.