ಡಾಕ್ಟರಿಗೆ ಹೇಳದ ರಕ್ತ

ಮುಟ್ಟು ನಿಂತು ಎರಡು ವರ್ಷವಾಗಿತ್ತು. ದುರ್ಗಾಪೂಜೆಯ ರಜೆಯಲ್ಲಿ ಒಂದು ಬೆಳಿಗ್ಗೆ ಸೀರೆಯ ಮೇಲೆ ರಕ್ತ ಕಂಡಿತು.

ಮತ್ತೆ ಶುರುವಾಯಿತಲ್ಲ ಪೀಡೆ ಅಂದುಕೊಂಡೆ. ಐವತ್ತೊಂದರ ಹೆಂಗಸು ಇದನ್ನು ಯಾರ ಮುಂದೆ ಹೇಳಬೇಕು? ನಾಲ್ಕು ದಿನಕ್ಕೆ ನಿಂತಿತು, ಆಮೇಲೆ ಮತ್ತೆ ಬಂತು. ಯಾವಾಗ ಬರುತ್ತದೆ ಅನ್ನುವುದೂ ನಿಧಾನಕ್ಕೆ ತಿಳಿಯಿತು. ಗಂಡನ ಜೊತೆ ಮಲಗಿದ ಮಾರನೆಯ ದಿನ ತಪ್ಪದೇ ಬರುತ್ತಿತ್ತು. ಈಗ ಇದನ್ನು ಬರೆಯಬಲ್ಲೆ. ಆಗ ಮನಸ್ಸಿನಲ್ಲಿ ಅಂದುಕೊಳ್ಳಲೂ ನಾಚಿಕೆ.

ನನ್ನ ಗಂಡ ಹೌರಾದಲ್ಲಿ ರೈಲ್ವೆ ನೌಕರ. ಧಾರವಾಡ ಬಿಟ್ಟು ಇಪ್ಪತ್ತಾರು ವರ್ಷವಾಯಿತು, ಅಂದಿನಿಂದ ಕ್ವಾರ್ಟರ್ಸಿನಲ್ಲೇ ಇದ್ದೇವೆ. ಲೇಕ್ ಮಾರ್ಕೆಟ್ಟಿನಲ್ಲಿ ನಾನು ಬಂಗಾಲಿಯಲ್ಲಿ ಚೌಕಾಶಿಗೆ ನಿಂತರೆ ಅಂಗಡಿಯವನೇ ಕೈಮುಗಿಯಬೇಕು. ಡಾಕ್ಟರ ಎದುರು ಮಾತ್ರ ಮಾತೆಲ್ಲ ಗಂಡನದು. ಕಿಬ್ಬೊಟ್ಟೆ ನೋವು ತಡೆಯದಾದಾಗ ರೈಲ್ವೆ ಆಸ್ಪತ್ರೆಯ ಔಟ್‌ಡೋರಿಗೆ ಕರೆದುಕೊಂಡು ಹೋದರು. ಡಾಕ್ಟರು ಕೇಳಿದ್ದು ಅವರನ್ನು, ಉತ್ತರ ಕೊಟ್ಟದ್ದೂ ಅವರೇ: ಗ್ಯಾಸು. ಈ ಊರಿನಲ್ಲಿ ಎಲ್ಲ ನೋವಿಗೂ ಅದೇ ಹೆಸರು. ನಾನು ಗೋಣು ಹಾಕಿದೆ. ಮೂರು ಸಲ ಹೋದೆವು, ಮೂರು ಸಲವೂ ಗ್ಯಾಸಿನ ಗುಳಿಗೆ. ಹೊಟ್ಟೆ ಮುಟ್ಟಿಯೂ ಯಾರೂ ನೋಡಲಿಲ್ಲ.

ಮಗಳು ವಿದ್ಯಾ ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಗೆ ಹೋಗುತ್ತಾಳೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಒಂದು ಸಂಜೆ ಕಪಾಟಿನ ಬಾಗಿಲು ಹಿಡಿದು ನಿಂತಳು.

"ಅಮ್ಮಾ, ನನ್ನ ಪ್ಯಾಡ್ಸ್ ನೀ ತಗೋತೀಯಾ? ಬಟ್ ನಿಂದು ಸ್ಟಾಪ್ ಆಗೇದಲ್ಲಾ?"

ಸುಳ್ಳು ಹೇಳಲು ಹೋಗಿ ಅತ್ತುಬಿಟ್ಟೆ.

ಅವಳ ಕಂಪನಿಯ ಇನ್ಶೂರೆನ್ಸಿನಲ್ಲಿ ನಾವಿಬ್ಬರೂ ಇದ್ದೆವು. ಮಾರನೆಯ ದಿನವೇ ಖಾಸಗಿ ಆಸ್ಪತ್ರೆಯ ಲೇಡಿ ಡಾಕ್ಟರ ಬಳಿ ಕರೆದೊಯ್ದಳು. ಗಂಡನೂ ಬಂದರು. ಬಂಗಾಲಿ ಬಾರದ ಆ ಡಾಕ್ಟರು ಎಷ್ಟು ದಿನದಿಂದ ಬ್ಲೀಡಿಂಗ್ ಎಂದು ಹಿಂದಿಯಲ್ಲಿ ಕೇಳಿದರು. ಗಂಡ ಪಕ್ಕದಲ್ಲೇ ಕೂತಿದ್ದರಲ್ಲ, ಎರಡು ತಿಂಗಳು ಅಂದೆ. ಅವರು ನೆಲ ನೋಡುತ್ತಾ, "ಆಠ್ ಮಹೀನಾ" ಅಂದರು.

ಅವರಿಗೆ ಗೊತ್ತಿತ್ತು.

"ಯಾವಾಗಿಂದ ಗೊತ್ತಿತ್ರೀ?" ಕಾರಿಡಾರಿನಲ್ಲಿ ಕೇಳಿದೆ.

"ಮೊದಲನೇ ಸಲನ ಚಾದರದ ಮ್ಯಾಲೆ ಕಂಡಿದ್ದೆ. ಹೆಂಗಸರ ಸುದ್ದಿ, ಡಾಕ್ಟರ್ ಮುಂದ ನಾ ಹೆಂಗ ಹೇಳ್ಲಿ?"

ಆಗ ಹೊಳೆಯಿತು. ಆ ಎಂಟು ತಿಂಗಳಲ್ಲಿ ಎಷ್ಟೋ ಬೆಳಿಗ್ಗೆ "ಇವತ್ತ ನೀ ಮಲ್ಕೋ" ಅಂತ ದೇವರ ದೀಪವನ್ನು ಅವರೇ ಹಚ್ಚಿದ್ದರು. ಪ್ರೀತಿ ಅಂದುಕೊಂಡಿದ್ದೆ. ದೇವರಿಗೆ ಮೈಲಿಗೆ ತಟ್ಟದ ಹಾಗೆ ನೋಡಿಕೊಂಡ ಮನುಷ್ಯ ಡಾಕ್ಟರಿಗೆ ಒಂದು ಮಾತು ಹೇಳಲಿಲ್ಲ. ನಾನಾದರೂ ಎಲ್ಲಿ ಹೇಳಿದೆ? ಆ ಸಂಕಟ ಬೇರೆ.

ಬಯಾಪ್ಸಿ, ಸ್ಕ್ಯಾನಿನ ರಿಪೋರ್ಟ್ ಬಂತು. ಗರ್ಭಕೋಶದ ಕೊರಳಿನ ಕ್ಯಾನ್ಸರ್. ಸ್ಟೇಜ್ ಟೂ ಬಿ.

ಮೊದಲೇ ಬಂದಿದ್ದರೆ ಆಪರೇಷನ್ನಿನಲ್ಲೇ ಮುಗಿಯುತ್ತಿತ್ತೇನೋ ಅಂದರು ಡಾಕ್ಟರು. ಈಗ ರೇಡಿಯೇಷನ್, ಜೊತೆಗೆ ಕೀಮೋ. ಒಂದು ತಿಂಗಳಿಗೂ ಹೆಚ್ಚು ಕಾಲ ಹೌರಾ ಸೇತುವೆ ದಾಟಿ ಹೋಗಿ ಬಂದೆ. ಒಳಗೆಲ್ಲ ಸುಟ್ಟ ಹಾಗೆ. ಮೂತ್ರಕ್ಕೆ ಕೂತರೆ ಕಣ್ಣಲ್ಲಿ ನೀರು, ಅನ್ನ ಕಂಡರೆ ವಾಕರಿಕೆ. ಗಂಡ ಗಂಜಿ ಮಾಡಲು ಕಲಿತರು. ಎರಡು ವಾರ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ಗಂಜಿ ಮಾತ್ರ ಕುಡಿದೆ.

ಈಗ ರಕ್ತ ನಿಂತಿದೆ. ಗುಣವಾಯಿತು ಅಂತ ಡಾಕ್ಟರು ಅನ್ನುವುದಿಲ್ಲ, ಮೂರು ತಿಂಗಳಿಗೊಮ್ಮೆ ನೋಡೋಣ ಅನ್ನುತ್ತಾರೆ. ಅಷ್ಟಾದರೂ ಸಿಕ್ಕಿತಲ್ಲ. ಒಳಗೆ ನಾನೊಬ್ಬಳೇ ಹೋಗುತ್ತೇನೆ, ನನ್ನ ಹರಕು ಮುರುಕು ಹಿಂದಿಯಲ್ಲೇ ಹೇಳುತ್ತೇನೆ. ಮೊನ್ನೆ ಹೊರಗೆ ಬಂದಾಗ ಗಂಡ ಬೆಂಚಿನಿಂದ ಎದ್ದರು.

"ಎಲ್ಲಾ ಹೇಳಿದೇನು?"

"ಹೇಳಿದೆ."

"ನಮ್ಮಿಬ್ಬರ ಸುದ್ದೀನೂ?"

"ಅದನ್ನೂ."

"ಛಲೋ ಮಾಡಿದಿ" ಅಂದರು. ಮುಖ ಮಾತ್ರ ಎತ್ತಲಿಲ್ಲ.