ಮೇನೇಜರ್ ಸಾರ್ ಮತ್ತು ನಾವು ಕುಡಿಯದ ನೀರು

ಅವರ ಎರಡೂ ಅಂಗೈಗಳಲ್ಲಿ, ಬೆರಳುಗಳ ಬುಡಕ್ಕೆ, ಜಡ್ಡುಗಟ್ಟಿದ ಗುರುತುಗಳಿದ್ದವು. ಕೆಲಸಕ್ಕೆ ಸೇರಿದ ದಿನ ಅವರು ಹಾಜರಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಾಗ ನನಗೆ ಮೊದಲು ಕಂಡದ್ದು ಅದೇ. ಪಾವಗಡದ ಬಯಲಿನಲ್ಲಿ ಬಿಸಿಲಿನಿಂದ ಕರೆಂಟ್ ತೆಗೆಯುವ ಒಂದು ಪ್ಲಾಂಟ್‌ಗೆ ಅವರು ಮೇನೇಜರ್. ನಾನು ಅಲ್ಲಿ ಸೋಲಾರ್ ಪ್ಯಾನಲ್ ತೊಳೆಯಲು ಬಂದವಳು. ಮೇನೇಜರ್ ಕೈ ಯಾಕೆ ಹೀಗಿದೆ ಎನ್ನುವುದು ಒಂದು ವಾರದಲ್ಲಿ ಗೊತ್ತಾಯಿತು.

ನನ್ನ ತವರು ಮಧುಗಿರಿ ಕಡೆ. ಪಿಯುಸಿ ಮುಗಿಸಿ, ಮದುವೆಯಾಗಿ ಪಾವಗಡದ ಹತ್ತಿರದ ಹಳ್ಳಿಗೆ ಬಂದೆ. ಗಂಡ ಟ್ರ್ಯಾಕ್ಟರ್‌ನಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ನಾನು ಕೆಲಸಕ್ಕೆ ಹೊರಟೆ.

ಗಾಜು ಕಾಯುವ ಮೊದಲೇ, ಬೆಳಗ್ಗೆ ಆರಕ್ಕೆ ಕೆಲಸ ಶುರು. ಒಬ್ಬಳು ಟ್ಯಾಂಕರಿನ ಪೈಪು ಹಿಡಿದು ನೀರು ಹಾಯಿಸಿದರೆ ಇನ್ನೊಬ್ಬಳು ಉದ್ದ ಕೋಲಿನ ವೈಪರ್‌ನಿಂದ ಧೂಳು ಒರೆಸಬೇಕು. ವಾರಕ್ಕೆ ಎರಡು ದಿನ ಮೇನೇಜರ್ ಸಾರ್ ಪ್ಯಾಂಟು ಮಡಚಿ, ತಲೆಗೆ ಟವೆಲ್ ಸುತ್ತಿಕೊಂಡು ನಮ್ಮ ಜೊತೆ ಇಳಿಯುತ್ತಿದ್ದರು. ಬಂದವರೇ, "ಯಾವ ಸಾಲು ಕಷ್ಟ ಐತೆ, ಅದು ನನಗೆ ಬುಡಿ" ಎನ್ನುತ್ತಿದ್ದರು.

"ಒರಸಾಕಲ್ಲ ಕಣಮ್ಮ, ನಮ್ಮನ್ನ ಕಾಯಾಕೆ ಬರ್ತಾರೆ," ಎಂದು ನಮ್ಮಲ್ಲಿ ಹಿರಿಯಳಾದ ಗಂಗಮ್ಮ ಮೊದಲ ದಿನವೇ ನನ್ನ ಕಿವಿಯಲ್ಲಿ ಹೇಳಿದ್ದಳು. ಆದರೆ ಅವರ ಎದುರಿಗೆ ಅವಳಿಗೆ ಭಯವೇನೂ ಇರಲಿಲ್ಲ. ಅವರು ಒರೆಸಿದ ಗಾಜಿನ ಮೇಲೆ ಗೀರು ಗೀರಾಗಿ ಮಣ್ಣು ಉಳಿದಿರುತ್ತಿತ್ತು. "ಸಾರ್, ಇದು ಒರಸಿದ್ದಾ, ಬಳಿದಿದ್ದಾ?" ಎಂದು ಕೇಳಿ ಮತ್ತೆ ಒರೆಸುತ್ತಿದ್ದಳು. ಅವರು ಪಕ್ಕದಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದರು.

ಸಿಡುಕಿನ ಮನುಷ್ಯ. ತಡವಾಗಿ ಬಂದವರನ್ನು ಎಲ್ಲರೆದುರು ಬೈಯುತ್ತಿದ್ದರು, ಆಮೇಲೆ ತಪ್ಪಾಯಿತು ಎನ್ನುವ ಅಭ್ಯಾಸವೂ ಇರಲಿಲ್ಲ. ಒಂದು ದಿನ ಭುಜ ತಿಕ್ಕಿಕೊಳ್ಳುತ್ತಾ, "ಇಷ್ಟು ಭಾರದ ಕಬ್ಬಿಣದ ಕೋಲನ್ನ ಯಾವನ್ಲಾ ತರಿಸಿದ್ದು?" ಎಂದು ಕೂಗಿದರು. ಸ್ಟೋರ್ ನೋಡಿಕೊಳ್ಳುವವನು ಮೆಲ್ಲಗೆ, "ನೀವೇ ಸಾರ್," ಎಂದ. ಅವರಿಗೇ ನಗು ತಡೆಯಲಾಗಲಿಲ್ಲ. ಹದಿನೈದು ದಿನದಲ್ಲಿ ಹಗುರವಾದ ಕೋಲುಗಳು ಬಂದವು.

ಆ ಬೇಸಿಗೆಯಲ್ಲಿ ಗಂಗಮ್ಮ ಎರಡು ಸಾಲುಗಳ ನಡುವೆ ಕುಸಿದು ಬಿದ್ದಳು. ಸಾರ್ ಮತ್ತು ನಾವು ನಾಲ್ವರು ಸೇರಿ ಅವಳನ್ನು ಜೀಪಿಗೆ ಎತ್ತಿ ಹಾಕಿ ಪಾವಗಡದ ಆಸ್ಪತ್ರೆಗೆ ಕರೆದೊಯ್ದೆವು. ನೀರೇ ಕುಡಿಯದೆ ಮೂತ್ರಕ್ಕೆ ಸೋಂಕಾಗಿದೆ, ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಮಾರನೆಯ ದಿನ ತಿಂಡಿ ಹೊತ್ತಿಗೆ ಸಾರ್ ನಮ್ಮ ಕುಡಿಯುವ ನೀರಿನ ಕ್ಯಾನ್ ಎತ್ತಿ ನೋಡಿದರು. ತುಂಬಿದ್ದು ತುಂಬಿದ ಹಾಗೇ ಇತ್ತು.

"ಯಾಕಮ್ಮ, ಯಾರೂ ನೀರು ಕುಡಿಯಲ್ವಾ?"

ಆಂಧ್ರದ ಗಡಿಯ ಊರಿನ ರತ್ನಮ್ಮ, "ದಾಹಂ ಲೇದು ಸಾರ್," ಎಂದಳು. ಬಾಯಾರಿಕೆ ಇಲ್ಲವಂತೆ, ಆ ಬಿಸಿಲಲ್ಲಿ. ನನಗೆ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ.

"ಕುಡಿದ್ರೆ ಎಲ್ಲಿಗೆ ಹೋಗಾನ ಸಾರ್? ಕಕ್ಕಸು ಇರಾದು ಆಫೀಸ್ ಹತ್ರ. ನಡೆದು ಹೋಗಿ ಬರಾಕೆ ಅರ್ಧ ಗಂಟೆ ಬೇಕು, ಸಾಲು ಮುಗಿಯಲ್ಲ. ಇಲ್ಲಿ ನೋಡಿದ್ರೆ ಒಂದು ಗಿಡದ ಮರೆ ಇಲ್ಲ, ಕ್ಯಾಮೆರಾ ಬೇರೆ. ನೀವು ಗಂಡಸ್ರು, ಹೆಂಗೋ ಆಯ್ತದೆ."

ಅವರು ಕ್ಯಾನ್ ಕೆಳಗಿಟ್ಟರು. "ಇಷ್ಟು ದಿನ ಜೊತೇಲೇ ಇದ್ದೀನಿ. ನನಗೆ ಗೊತ್ತಾಗ್ಲೇ ಇಲ್ವಲ್ಲಮ್ಮ," ಎಂದರು. ತಂದಿದ್ದ ತಿಂಡಿಯ ಡಬ್ಬಿ ತೆರೆಯಲಿಲ್ಲ.

ಅವತ್ತಿನಿಂದ, ನಾವು ಆಫೀಸಿನ ಕಕ್ಕಸಿಗೆ ಹೋಗಿಬರಲೆಂದು, ಅವರ ಜೀಪು ಡ್ರೈವರ್ ಸಮೇತ ನಮ್ಮ ಬಳಿ ನಿಲ್ಲತೊಡಗಿತು. ಅವರು ಪ್ಲಾಂಟ್ ಸುತ್ತಲು ಸೈಕಲ್ ತರಿಸಿಕೊಂಡರು. ಆಫೀಸಿಗೆ ಬಣ್ಣ ಹೊಡೆಸಲು ಬಂದಿದ್ದ ಹಣದಲ್ಲಿ, ನಾವು ಕೆಲಸ ಮಾಡುವ ಕಡೆಯೇ ಕಕ್ಕಸು ಎದ್ದಿತು.

ಅದಕ್ಕೇ ಹೆಡ್ ಆಫೀಸಿನಿಂದ ಒಬ್ಬ ದೊಡ್ಡ ಸಾಹೇಬರು ಬಂದರು. ಕಕ್ಕಸಿನ ಮುಂದೆ ನಿಂತು, "ಇದನ್ನ ಕೇಳಿದ್ದು ಯಾರು? ಹೆಸರು ಹೇಳಿ," ಎಂದರು. ನಾನು ಹತ್ತು ಹೆಜ್ಜೆ ಆಚೆ ವೈಪರ್ ಹಿಡಿದು ನಿಂತಿದ್ದೆ. ನಾವು ಗುತ್ತಿಗೆಯವರು. ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಸಾರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇ ಸಾರ್ ಕೇಳಿದ್ದು. ಈ ಸಾಲಲ್ಲಿ ನಾನೂ ಕೆಲಸ ಮಾಡ್ತೀನಿ."

"ನಿಮ್ಮ ಕೆಲಸ ಇದಲ್ಲ."

"ಇದನ್ನ ಮಾಡದೆ ಆ ಕೆಲಸ ಮಾಡಕ್ಕೆ ನನಗೆ ಬರಲ್ಲ ಸಾರ್."

ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಇದನ್ನು ಅವರು ಹೇಳಲಿಲ್ಲ, ಆಫೀಸಿನ ಗುಮಾಸ್ತೆ ಹೇಳಿದಳು. ನಾನು ಹೋಗಿ ಏನೋ ಹೇಳಲು ಬಾಯಿ ತೆರೆದರೆ, "ದಿನದ ವರದಿ ಬರೀತೀಯಾ? ನಿನಗೆ ಬಾಯಿ ಐತೆ, ಬರವಣಿಗೇನೂ ಇರಬೇಕು," ಎಂದು ನೋಟ್‌ಬುಕ್ ಕೊಟ್ಟರು. ಇಂದು ನಾನು ಅದೇ ಸಾಲುಗಳ ಸೂಪರ್‌ವೈಸರ್.

ನಿವೃತ್ತಿಯಾಗಿ ಶಿರಾಕ್ಕೆ ಹೋದ ಅವರು ಒಂದು ವರ್ಷವೂ ಇರಲಿಲ್ಲ. ಹೃದಯಾಘಾತ ಎಂದು ಫೋನ್ ಬಂತು. ನಾವು ಆರು ಜನ ಬಸ್ಸು ಹತ್ತಿ ಹೋದೆವು. ಅವರ ಮನೆಯವರನ್ನು ನಾವು ಎಂದೂ ನೋಡಿರಲಿಲ್ಲ. ಹೊರಗೇ ನಿಂತು, ಯಾರೆಂದು ಹೇಳಿಕೊಳ್ಳುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಅಷ್ಟರಲ್ಲಿ ಅವರ ಹೆಂಡತಿಯೇ ಬಾಗಿಲಿಗೆ ಬಂದರು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ನೀವು ಗಂಗಮ್ಮ ಅಲ್ವಾ? ಮಂಡಿ ನೋವು ಹೆಂಗೈತೆ?" ಎಂದರು. ರತ್ನಮ್ಮನ ಮಗಳ ಬಾಣಂತನ ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಕಂಪ್ಯೂಟರ್ ಕಲಿತ್ಯೇನಮ್ಮ? ಅದೊಂದು ಕಲಿತರೆ ಅವಳನ್ನ ಯಾರೂ ತಡೆಯಂಗಿಲ್ಲ ಅಂತಿದ್ರು," ಎಂದರು.

"ಕಲೀತಿದ್ದೀನಿ ಅಮ್ಮ," ಎಂದೆ. ಸುಳ್ಳು. ವಾಪಸ್ ಬಂದ ವಾರವೇ ಪಾವಗಡದಲ್ಲಿ ಕ್ಲಾಸಿಗೆ ಸೇರಿದೆ.