ಹಗುರವಾಗಿದ್ದ ಡಿಸ್ಕ್

ಶಕ್ತಿನಗರದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಸೂತಿ ಮೆಷಿನ್ ಇದೆ, ಅದರ ಪಕ್ಕದಲ್ಲಿ ಹಳೆಯ ಕಂಪ್ಯೂಟರ್. ಮದುವೆ ರವಿಕೆಗಳಿಗೆ ಕಸೂತಿ ಹಾಕಿಕೊಡುವುದು ನನ್ನ ಕೆಲಸ. ಡಿಸೈನನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಪೆನ್‌ಡ್ರೈವಿಗೆ ಹಾಕಿ, ಮೆಷಿನ್ನಿಗೆ ಸಿಕ್ಕಿಸಿದರೆ ಸೂಜಿ ತಾನಾಗಿಯೇ ಓಡುತ್ತದೆ.

ಕಂಪ್ಯೂಟರಿಗೆ ವಯಸ್ಸಾಗಿತ್ತು. ಬೆಳಿಗ್ಗೆ ಅದನ್ನು ಆನ್ ಮಾಡಿ, ಮಗಳಿಗೆ ಸ್ನಾನ ಮಾಡಿಸಿ, ಜಡೆ ಹಾಕಿ, ಶಾಲೆಯ ವ್ಯಾನಿಗೆ ಹತ್ತಿಸಿ ಬಂದರೂ ಪರದೆಯ ಮೇಲೆ ಆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಆಮೇಲೆ ಡಬ್ಬಿಯ ಒಳಗಿನಿಂದ ಟಿಕ್ ಟಿಕ್ ಎಂಬ ಶಬ್ದವೂ ಶುರುವಾಯಿತು. ಕೊಟ್ಟಾರದ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನ್ನ ಮೈದುನ ಒಂದು ಭಾನುವಾರ ಬಂದು ಡಬ್ಬಿ ಬಿಚ್ಚಿ ನೋಡಿದ.

"ಅತ್ತಿಗೆ, ಕಂಪ್ಯೂಟರಿಗೆ ಎಂತದೂ ಆಗ್ಲಿಲ್ಲ. ಹಾರ್ಡ್ ಡಿಸ್ಕ್ ಹಾಳಾಗ್ತಾ ಉಂಟು. ಅದರ ಬದಲಿಗೆ ಒಂದು ಎಸ್‌ಎಸ್‌ಡಿ ಹಾಕಿದ್ರೆ ಇನ್ನೂ ಕೆಲವು ವರ್ಷ ಓಡ್ತದೆ" ಎಂದ.

"ಅದರಲ್ಲಿ ಯಾವುದು ತಗೊಳ್ಳುವುದು? ನಮ್ಗೆ ಆಗುವಂಥದ್ದು ಹೇಳು."

"ಈ ಬೋರ್ಡಿಗೆ ಹೊಸ ನಮೂನೆಯ ಉದ್ದದ್ದು ಕೂತುಕೊಳ್ಳುವುದಿಲ್ಲ. ಹಳೇ ಕೇಬಲಿಗೇ ಸಿಕ್ಕಿಸುವ ಚಪ್ಪಟೆಯದ್ದು ಬೇಕು, ಸಾಟಾ ಅಂತ ಕೇಳಿ. ಜಾಸ್ತಿ ಸ್ಪೀಡ್ ಉಂಟು ಅಂತ ಹೇಳಿದ್ದಕ್ಕೆಲ್ಲ ಹಣ ಹಾಕ್ಬೇಡಿ, ಈ ಹಳೇ ಕಂಪ್ಯೂಟರಿನಲ್ಲಿ ಅದರ ಉಪಯೋಗ ಇಲ್ಲ. ಸಣ್ಣದಾದ್ರೂ ಪರ್ವಾಗಿಲ್ಲ, ಅಂಗಡಿಯಲ್ಲಿ ವಾರಂಟಿ ಇರುವುದನ್ನೇ ತಗೊಳ್ಳಿ."

ನನ್ನ ಗಂಡ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮನೆಯವರು ಹಿಂದಿನಿಂದಲೂ ಕಡಲಿಗೆ ಹೋಗುವವರು. ತಮ್ಮ ಆಫೀಸು ಸೇರಿದ, ಇವರು ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮೀನು ಸಾಗಿಸುವ ಗಾಡಿ ಓಡಿಸುತ್ತಾರೆ. ದಿನದ ಹೆಚ್ಚಿನ ಹೊತ್ತು ರಸ್ತೆಯ ಮೇಲೆಯೇ ಇರುವುದರಿಂದ, ಮನೆಗೆ ಬಂದಾಗಲೆಲ್ಲ ಮಗಳ ವಿಡಿಯೋ ತೆಗೆಯುವುದು ಅವರ ಅಭ್ಯಾಸ. ಫೋನು ತುಂಬಿ ಹೋಗಿತ್ತು. ಸಣ್ಣ ಡಿಸ್ಕ್ ಸಾಕು ಎಂಬ ತಮ್ಮನ ಮಾತು ಅವರಿಗೆ ಹಿಡಿಸಲಿಲ್ಲ.

ಮುಂದಿನ ವಾರ ಒಂದು ಪಾರ್ಸೆಲ್ ಬಂತು. ನನಗೆ ಹೇಳದೆಯೇ ಇವರು ಫೋನಿನಲ್ಲಿ ನೋಡಿ ತರಿಸಿದ್ದರು. ಅಂಗಡಿಯ ಸಣ್ಣ ಡಿಸ್ಕಿನ ಬೆಲೆಗಿಂತಲೂ ಕಡಿಮೆಗೆ, ಅದರ ಎಷ್ಟೋ ಪಟ್ಟು ದೊಡ್ಡದು. ಕಂಪನಿಯ ಹೆಸರನ್ನು ನಾನು ಎಲ್ಲಿಯೂ ಕೇಳಿರಲಿಲ್ಲ. ಕೈಗೆ ತೆಗೆದುಕೊಂಡೆ. ಒಳಗೆ ಏನೂ ಇಲ್ಲದ ಬೆಂಕಿಪೊಟ್ಟಣದ ಹಾಗೆ ಹಗುರವಾಗಿತ್ತು.

"ಇದು ಇಷ್ಟು ಹಗುರ ಎಂತ?"

"ಹೊಸ ಟೆಕ್ನಾಲಜಿ ಅಲ್ವಾ ಮಾರಾಯ್ತಿ, ಭಾರ ಎಲ್ಲಿಂದ ಬರ್ಬೇಕು?" ಎಂದು ನಕ್ಕರು. ಆ ಖುಷಿ ನೋಡಿ ನಾನು ಡಿಸ್ಕನ್ನು ಮೇಜಿನ ಮೇಲೆ ಇಟ್ಟೆ.

ಮೈದುನ ಆಗ ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದ. ನಂತೂರಿನ ಕಡೆಯ ಒಬ್ಬರು ರಿಪೇರಿಯವರು ಬಂದು ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸಿಕೊಟ್ಟರು. ಹಳೆಯ ಡಿಸ್ಕನ್ನು ನಮ್ಮ ಕೈಗೇ ಕೊಟ್ಟು ಹೋದರು. ಮರುದಿನ ಗುಂಡಿ ಒತ್ತಿ, ಕುರ್ಚಿ ಎಳೆದು ಕುಳಿತುಕೊಳ್ಳುವಷ್ಟರಲ್ಲಿ ಪರದೆ ಸಿದ್ಧವಾಗಿತ್ತು. ಶಬ್ದವೇ ಇಲ್ಲ. ಬಂದವರಿಗೆಲ್ಲ ಇವರು ಅದನ್ನು ಆನ್ ಮಾಡಿ ತೋರಿಸುತ್ತಿದ್ದರು. ಬಿಡುವಾದಾಗ ಕುಳಿತು ಮಗಳ ವಿಡಿಯೋಗಳನ್ನೆಲ್ಲ ಅದಕ್ಕೆ ಹಾಕಿ, ಫೋನನ್ನು ಖಾಲಿ ಮಾಡಿಕೊಂಡರು.

ಮೊದಲು ತೆರೆಯದೆ ಹೋದದ್ದು ಒಂದು ಮಾವಿನಕಾಯಿ ಅಂಚಿನ ಡಿಸೈನ್. ನಾನೇ ಸರಿಯಾಗಿ ಸೇವ್ ಮಾಡಿರಲಿಕ್ಕಿಲ್ಲ ಎಂದುಕೊಂಡು ಮತ್ತೆ ಬಿಡಿಸಿದೆ. ಕೆಲವು ದಿನ ಕಳೆದು ಇನ್ನೊಂದು. ಆಮೇಲೆ ಒಂದು ನವಿಲು. ಹೆಸರು ಅಲ್ಲೇ ಇತ್ತು, ತಾರೀಕೂ ಇತ್ತು, ತೆರೆದರೆ ಒಳಗೆ ಬಿಳಿ ಪರದೆ. ಯಾರೋ ನಾನಿಲ್ಲದಾಗ ಮನೆಗೆ ಬಂದು ಒಂದೊಂದನ್ನೇ ಒಳಗಿನಿಂದ ತಿಂದು, ಸಿಪ್ಪೆಯನ್ನು ಮಾತ್ರ ಇಟ್ಟು ಹೋಗುತ್ತಿದ್ದಾರೆ ಎನಿಸತೊಡಗಿತು. ಇವತ್ತು ಯಾವುದು ಹೋಗಿದೆಯೋ ಎಂದು ಬೆಳಿಗ್ಗೆ ಗುಂಡಿ ಒತ್ತುವಾಗ ಬೆರಳು ಹಿಂಜರಿಯುತ್ತಿತ್ತು. ಹಿಂದಿನ ಟಿಕ್ ಟಿಕ್ ಶಬ್ದಕ್ಕಿಂತ ಈ ಮೌನವೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಇವರಿಗೆ ಹೇಳಲಿಲ್ಲ. ಅಷ್ಟು ಖುಷಿಯಿಂದ ತಂದದ್ದನ್ನು ಹೇಗೆ ದೂರುವುದು? ನಮ್ಮ ಜೊತೆಗೇ ಇರುವ ಅತ್ತೆಗೆ ಮಾತ್ರ ನನ್ನ ಮುಖದಲ್ಲೇ ಗೊತ್ತಾಯಿತು.

"ಎಂತ ಮಗಾ, ಊಟವೂ ಸರಿ ಮಾಡುವುದಿಲ್ಲ ನೀನು?"

"ಮಾಡಿದ ಕೆಲಸ ಎಲ್ಲ ಕಾಣೆಯಾಗ್ತಾ ಉಂಟು ಅತ್ತೆ."

ಅವರು ಕಂಪ್ಯೂಟರಿನ ಕಡೆ ನೋಡಿದರು. "ಬಂದವರೆಲ್ಲ ನೋಡಿ ಹೋದ್ರಲ್ಲ. ಯಾರ ಕಣ್ಣು ಬಿತ್ತೋ" ಎಂದು ಮೆಣಸು, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು.

ಆಗ ನನ್ನ ಕೈಯಲ್ಲಿ ಕೊಟ್ಟಾರದ ಹೋಟೆಲಿನವರ ಮನೆಯ ಮದುವೆ ರವಿಕೆ ಇತ್ತು. ಮದುಮಗಳ ತಾಯಿ ತಾವೇ ಬಂದು ಬಟ್ಟೆ ಕೊಟ್ಟು ಹೋಗಿದ್ದರು. ಬೆನ್ನಿಗೆ ಬಳ್ಳಿ, ನಡುವೆ ಎರಡು ನವಿಲು. ಡಿಸೈನ್ ತೆರೆಯಿತು, ಪರದೆಯ ಮೇಲೆ ಸರಿಯಾಗಿಯೇ ಕಂಡಿತು. ಮೆಷಿನ್ನಿಗೆ ಬೇಕಾದ ಹಾಗೆ ಸೇವ್ ಮಾಡಿ ಪೆನ್‌ಡ್ರೈವಿಗೆ ಹಾಕಿದೆ. ರೇಷ್ಮೆಯನ್ನು ಚೌಕಟ್ಟಿಗೆ ಬಿಗಿದು ಮೆಷಿನ್ ಓಡಿಸಿದೆ. ಬಳ್ಳಿ ಚೆನ್ನಾಗಿ ಬಂತು, ಮೊದಲ ನವಿಲೂ ಬಂತು. ಅನ್ನಕ್ಕೆ ನೀರಿಡಲು ಒಳಗೆ ಹೋದೆ. ಅಷ್ಟರಲ್ಲಿ ಮೆಷಿನ್ನಿನ ಸದ್ದು ಬದಲಾಯಿತು. ಓಡುವ ಸದ್ದಲ್ಲ, ಕುಟ್ಟುವ ಸದ್ದು. ಓಡಿ ಬಂದರೆ ಸೂಜಿ ಒಂದೇ ಜಾಗವನ್ನು ಮತ್ತೆ ಮತ್ತೆ ಚುಚ್ಚುತ್ತಿತ್ತು. ದಾರ ಗಂಟುಗಂಟಾಗಿ ಮೇಲೆದ್ದಿತ್ತು. ನಿಲ್ಲಿಸಲು ಕೈ ಚಾಚಿದೆ. ಸೂಜಿ ಮುರಿದು ನನ್ನ ಕೆನ್ನೆಯನ್ನು ಗೀರಿ ಹೋಯಿತು, ಕಣ್ಣಿಗಿಂತ ಸ್ವಲ್ಪ ಕೆಳಗೆ. ಎರಡನೆಯ ನವಿಲಿನ ಜಾಗದಲ್ಲಿ ರೇಷ್ಮೆ ತೂತಾಗಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಮರಳಿದ್ದ ಮೈದುನನನ್ನು ಸಂಜೆಯೇ ಕರೆಸಿದೆ. ಅವನು ಡಿಸ್ಕನ್ನು ಹೊರಗೆ ತೆಗೆದು, ಅಂಗೈಯಲ್ಲಿ ತೂಗಿದಂತೆ ಮಾಡಿ, ಸ್ಕ್ರೂ ಬಿಚ್ಚಿದ. ಅಷ್ಟು ಅಗಲದ ಡಬ್ಬಿಯ ಮೂಲೆಯಲ್ಲಿ ಉಗುರಿನಷ್ಟು ಸಣ್ಣ ಒಂದು ಮೆಮೊರಿ ಕಾರ್ಡನ್ನು ಅಂಟಿಸಿದ್ದರು. ಉಳಿದದ್ದೆಲ್ಲ ಖಾಲಿ.

"ಇದು ಡೂಪ್ಲಿಕೇಟ್, ಅತ್ತಿಗೆ. ದೊಡ್ಡದು ಅಂತ ಸುಳ್ಳು ತೋರಿಸ್ತದೆ. ನಿಜವಾಗಿ ಇರುವ ಜಾಗ ತುಂಬಿದ ಮೇಲೆ ಹೊಸತನ್ನು ಹಳೆಯದರ ಮೇಲೆಯೇ ಬರೀತದೆ. ನೀವು ಒಂದೊಂದು ಹಾಕಿದ ಹಾಗೆ ಒಂದೊಂದು ಹೋಗ್ತಾ ಇತ್ತು. ರವಿಕೆಯ ಡಿಸೈನೂ ಪೆನ್‌ಡ್ರೈವಿಗೆ ಹೋಗುವ ಮೊದಲೇ ಅರ್ಧ ಕೆಟ್ಟಿರ್ಬೇಕು."

"ಹಳೇ ಡಿಸ್ಕ್ ಉಂಟಲ್ಲ?"

"ಅದರಲ್ಲಿ ನಿಮ್ಮ ಡಿಸೈನ್ ಸ್ವಲ್ಪ ಸಿಕ್ಕೀತು. ಆಮೇಲೆ ಬೇರೆ ಎಂತ ಹಾಕಿದ್ದೀರಿ ಇದಕ್ಕೆ?"

"ಮಗಳ ವಿಡಿಯೋ ಎಲ್ಲ" ಎಂದೆ. ಹೊರಗೆ ಗಾಡಿ ನಿಂತ ಸದ್ದು. ಇವರು ಒಳಗೆ ಬಂದು ಮೊದಲು ನನ್ನ ಕೆನ್ನೆ ನೋಡಿದರು. ಆಮೇಲೆ ಮೇಜಿನ ಮೇಲೆ ಬಿಚ್ಚಿಟ್ಟ ಡಬ್ಬಿ ನೋಡಿದರು.

"ಎಂತ ಆಯ್ತು?"

ನಾನೇ ಹೇಳಿದೆ. ಇವರು ಪೂರ್ತಿ ಕೇಳಿ, "ಹಾಕು, ನೋಡುವ" ಎಂದರು. ಮೈದುನ ಮತ್ತೆ ಜೋಡಿಸಿ ಆನ್ ಮಾಡಿದ. ಇವರು ನಿಂತುಕೊಂಡೇ ಒಂದೊಂದಾಗಿ ತೆರೆದರು. ಕೆಲವು ತೆರೆಯಲೇ ಇಲ್ಲ. ಕೆಲವುಗಳಲ್ಲಿ ಬೂದು ಬಣ್ಣ ಮಾತ್ರ. ಒಂದರಲ್ಲಿ ಮಗಳು ಗೋಡೆ ಹಿಡಿದು ಎದ್ದು ನಿಂತು, ಕೈ ಬಿಟ್ಟು, ನಮ್ಮ ಕಡೆಗೆ ತಿರುಗಿದಳು. ಅಲ್ಲಿಗೆ ಚಿತ್ರ ಹರಿದು ಚೌಕಚೌಕವಾಗಿ ನಿಂತುಬಿಟ್ಟಿತು. ಅವಳು ಮೊದಲ ಸಲ ನಡೆದದ್ದು ಅದರಲ್ಲಿಲ್ಲ. ಇವರು ಅದನ್ನು ಮತ್ತೊಮ್ಮೆ ಹಾಕಿ ನೋಡಿದರು.

"ಸಾಕು, ಬಂದ್ ಮಾಡು" ಎಂದು ತಮ್ಮನಿಗೆ ಹೇಳಿ, ಗಾಡಿಯ ಕ್ರೇಟುಗಳನ್ನು ತೊಳೆಯಲು ಹೊರಗೆ ಹೋದರು. ನೀರು ಬಿಡುವ ಸದ್ದು ತುಂಬ ಹೊತ್ತು ಕೇಳುತ್ತಿತ್ತು.

ಮರುದಿನ ನಾನು ರವಿಕೆ ತೆಗೆದುಕೊಂಡು ಕೊಟ್ಟಾರಕ್ಕೆ ಹೋದೆ. ಮದುಮಗಳ ತಾಯಿ ತೂತಿನ ಮೇಲೆ ಬೆರಳಾಡಿಸಿ, "ಮದುವೆ ಸೀರೆಯ ಬಟ್ಟೆ ಅಲ್ವಾ ಮಾರ್ರೆ" ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು. ಆ ಮನೆಯಿಂದಾಗಲಿ, ಅವರ ನೆಂಟರಿಂದಾಗಲಿ ಮತ್ತೆ ಯಾರೂ ಬರಲಿಲ್ಲ.

ಹಳೆಯ ಡಿಸ್ಕ್ ಕೊನೆಯ ಬಾರಿಗೆ ಟಿಕ್ ಟಿಕ್ ಎನ್ನುತ್ತ ಅರ್ಧದಷ್ಟು ಡಿಸೈನುಗಳನ್ನು ಕೊಟ್ಟು ನಿಂತಿತು. ಮೈದುನ ಅಂಗಡಿಯಿಂದ ವಾರಂಟಿ ಇರುವ ಸಣ್ಣ ಎಸ್‌ಎಸ್‌ಡಿ ತಂದು, ಅದನ್ನು ಪೂರ್ತಿ ತುಂಬಿಸಿ ಓದಿಸಿ ಪರೀಕ್ಷಿಸಿದ ಮೇಲೆಯೇ ಹಾಕಿಕೊಟ್ಟ. ಕಂಪ್ಯೂಟರ್ ಈಗ ಚೆನ್ನಾಗಿ ಓಡುತ್ತದೆ. ಮೆಷಿನ್ ಓಡುತ್ತಿರುವಾಗ ನಾನು ಆ ಕೋಣೆ ಬಿಟ್ಟು ಏಳುವುದಿಲ್ಲ. ಇವರು ಮಗಳ ವಿಡಿಯೋ ತೆಗೆಯುವುದನ್ನು ನಿಲ್ಲಿಸಿದ್ದಾರೆ. ಮನೆಗೆ ಬಂದರೆ ಅವಳ ಎದುರಿಗೆ ಸುಮ್ಮನೆ ಕುಳಿತು, ಅವಳನ್ನೇ ನೋಡುತ್ತಾರೆ.